ಮೊದಲು ಪೆಟ್ರೋಲ್, ಆಮೇಲೆ ಪಿಸ್ಟನ್

ಇಂಜಿನ್ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: "ಕಂಪ್ರೆಶನ್ ಎಷ್ಟು ಇಡಲಿ?" ಅಂದರೆ ಪಿಸ್ಟನ್ ಅನಿಲವನ್ನು ಎಷ್ಟು ಅದುಮಬೇಕು ಅಂತ. ನಾನು ತಿರುಗಿ ಕೇಳುತ್ತೇನೆ: "ಯಾವ ಪೆಟ್ರೋಲ್ ಹಾಕುತ್ತೀರಿ?" ಅಲ್ಲಿಗೆ ಮಾತು ನಿಲ್ಲುತ್ತದೆ. ಯಾಕೆಂದರೆ ಅಷ್ಟು ಹೊತ್ತಿಗೆ ಪಿಸ್ಟನ್ ಆರ್ಡರ್ ಆಗಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಮೊದಲು ಇಂಧನ ಗೊತ್ತಿರಬೇಕು. ಅದೂ ನೀವು ಹಾಕಬೇಕೆಂದು ಆಸೆಪಡುವ ಪೆಟ್ರೋಲ್ ಅಲ್ಲ, ಆ ಗಾಡಿ ಎಂದಾದರೂ ಕುಡಿಯಬೇಕಾಗಿ ಬರುವ ಅತಿ ಕಳಪೆ ಪೆಟ್ರೋಲ್. ರಾತ್ರಿ ಟ್ಯಾಂಕ್ ಖಾಲಿಯಾಗಿ ಹೆದ್ದಾರಿಯ ಯಾವುದೋ ಬಂಕಿನಲ್ಲಿ ಸಿಗುತ್ತದಲ್ಲ, ಅದು. ಅದನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ, ಕಂಪ್ರೆಶನ್ ಎಷ್ಟಿರಬೇಕು ಅನ್ನುವುದು ತಾನಾಗಿ ಸಿಗುತ್ತದೆ. ಟ್ರ್ಯಾಕಿನಲ್ಲಿ ಮಾತ್ರ ಓಡುವ, ಡ್ರಮ್ಮಿನಲ್ಲಿ ರೇಸ್ ಪೆಟ್ರೋಲ್ ತಂದಿಟ್ಟುಕೊಳ್ಳುವ ಗಾಡಿಯಾದರೆ ಲೆಕ್ಕ ಬೇರೆ. ಆದರೆ ಹಾಗೆ ಹೇಳಿಕೊಳ್ಳುವ ಗಾಡಿಗಳಲ್ಲಿ ಬಹಳಷ್ಟು ರಸ್ತೆ ಮೇಲೇ ಓಡುತ್ತವೆ, ಅಲ್ವಾ?

ಕಂಪ್ರೆಶನ್ ಏರಿಸಿದರೆ ಏನು ಸಿಗುತ್ತದೆ ಅಂತ ನೋಡೋಣ. ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಅದರ ಮೇಲಿರುವ ಜಾಗವನ್ನು, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿ. ಅದೇ ಕಂಪ್ರೆಶನ್ ರೇಶಿಯೊ. ಅನಿಲ ಹೆಚ್ಚು ಅದುಮಿದಷ್ಟೂ ಉರಿದ ಮೇಲೆ ಅದು ಹೆಚ್ಚು ಹಿಗ್ಗುತ್ತದೆ, ಶಾಖದಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಬರುತ್ತದೆ. ಪುಸ್ತಕದ ಒಟ್ಟೊ ಸೈಕಲ್ (Otto cycle, ಪೆಟ್ರೋಲ್ ಇಂಜಿನ್ನಿನ ಆದರ್ಶ ಮಾದರಿ) ಲೆಕ್ಕದಲ್ಲಿ 8:1ಕ್ಕೆ ದಕ್ಷತೆ ಶೇ. 56.5. 10:1ಕ್ಕೆ 60.2. 12:1ಕ್ಕೆ 63. 14:1ಕ್ಕೆ 65.2. ನಿಜವಾದ ಇಂಜಿನ್ನಿನಲ್ಲಿ ಇದರ ಅರ್ಧದ ಆಸುಪಾಸು ಸಿಕ್ಕರೆ ಪುಣ್ಯ. ಆದರೆ ಅಂಕಿಗಳ ನಡುವಿನ ಅಂತರ ನೋಡಿ. 8ರಿಂದ 10ಕ್ಕೆ ಹೋದರೆ 3.7 ಏರಿತು. 10ರಿಂದ 12ಕ್ಕೆ 2.8. 12ರಿಂದ 14ಕ್ಕೆ 2.2 ಮಾತ್ರ. ಮೇಲೆ ಹೋದಷ್ಟೂ ಲಾಭ ಸಣ್ಣದಾಗುತ್ತಾ ಬರುತ್ತದೆ, ಅಪಾಯ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ.

ಇನ್ನೂ ಹತ್ತಿರದಿಂದ ನೋಡಿ. 11.5ರಿಂದ 12ಕ್ಕೆ ಏರಿಸಿದರೆ ಇದೇ ಲೆಕ್ಕದಲ್ಲಿ ಸಿಗುವುದು ಶೇ. 1ರಷ್ಟು. ನೂರೈವತ್ತು ಎಚ್‌ಪಿ ಇಂಜಿನ್ನಿನಲ್ಲಿ ಒಂದೂವರೆ ಎಚ್‌ಪಿ. ಅದಕ್ಕಾಗಿ ನಾಕ್ (ಅದೇನು ಅಂತ ಈಗಲೇ ಹೇಳುತ್ತೇನೆ) ಬಂದು ಟೈಮಿಂಗ್ ಹಿಂದಕ್ಕೆ ತಳ್ಳಬೇಕಾದರೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತಡವಾಗಿ ಹಾರಿಸಬೇಕಾದರೆ, ಆ ಒಂದೂವರೆಯ ಜೊತೆ ಇನ್ನಷ್ಟು ಕೈಬಿಟ್ಟು ಹೋಗುತ್ತದೆ. ಅದಕ್ಕೇ ನಾನು ಯಾವಾಗಲೂ ಕೊನೆಯ ಅರ್ಧ ಪಾಯಿಂಟನ್ನು ಬಿಟ್ಟುಬಿಡಿ ಅನ್ನುವುದು.

ಸರಿ, ನಾಕ್ ಅಂದರೆ ಏನು? ಪ್ಲಗ್ಗಿನಲ್ಲಿ ಕಿಡಿ ಹಾರಿದ ಮೇಲೆ ಜ್ವಾಲೆ ಚೇಂಬರಿನ, ಅಂದರೆ ಪಿಸ್ಟನ್ ಮೇಲೆ ಉಳಿದ ಜಾಗದ, ಉದ್ದಕ್ಕೂ ಹರಡುತ್ತಾ ಹೋಗುತ್ತದೆ. ಅದು ಎಲ್ಲವೂ ಒಮ್ಮೆಲೇ ಸಿಡಿಯುವುದಲ್ಲ, ಒಂದು ಕಡೆಯಿಂದ ಉರಿಯುತ್ತಾ ಹೋಗುವುದು. ಜ್ವಾಲೆ ಇನ್ನೂ ತಲುಪದ ದೂರದ ಮೂಲೆಯ ಅನಿಲವನ್ನು, ಉರಿದು ಹಿಗ್ಗಿದ ಅನಿಲ ಅದುಮುತ್ತಾ ಇರುತ್ತದೆ. ಅದು ಬಿಸಿಯಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಜ್ವಾಲೆ ಬರುವ ಮುಂಚೆ ಅದು ತಾನಾಗಿ ಹೊತ್ತಿಕೊಂಡರೆ ಒತ್ತಡ ಒಮ್ಮೆಗೇ ಚಿಮ್ಮುತ್ತದೆ. ಆ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ನಮಗೆ ಕೇಳುವ "ಟಣ್ ಟಣ್" ಅದೇ. 86 ಮಿಮೀ ಬೋರಿನಲ್ಲಿ (ಬೋರ್ ಅಂದರೆ ಸಿಲಿಂಡರಿನ ಅಗಲ) ಆ ಸದ್ದು ಸುಮಾರು 6.5 ಕಿಲೋಹರ್ಟ್ಸ್ ಇರುತ್ತದೆ. ಬೋರ್ ಚಿಕ್ಕದಾದರೆ ಸದ್ದು ಇನ್ನೂ ತೆಳ್ಳಗಾಗುತ್ತದೆ. ನಾಕ್ ಸೆನ್ಸರ್ ಕಿವಿಗೊಟ್ಟು ಕೂತಿರುವುದು ಈ ಸದ್ದಿಗೇ.

ಅಂದರೆ ಇದು ಒಂದು ಓಟ. ಜ್ವಾಲೆ ಮೊದಲು ಮೂಲೆ ಮುಟ್ಟಬೇಕು, ಇಲ್ಲವೇ ಮೂಲೆಯ ಅನಿಲ ಮೊದಲು ಹೊತ್ತಿಕೊಳ್ಳುತ್ತದೆ. ಯಾರು ಗೆಲ್ಲುತ್ತಾರೆ ಅನ್ನುವುದನ್ನು ತೀರ್ಮಾನಿಸುವುದು ಬಿಸಿ, ಒತ್ತಡ, ಸಮಯ ಮತ್ತು ಪೆಟ್ರೋಲಿನ ತಡೆದುಕೊಳ್ಳುವ ಶಕ್ತಿ. ಕಂಪ್ರೆಶನ್ ಬಿಸಿಯನ್ನೂ ಒತ್ತಡವನ್ನೂ ಏರಿಸುತ್ತದೆ. ಸಮಯದ ವಿಷಯ ಮಾತ್ರ ಬಹಳ ಜನ ಮರೆಯುತ್ತಾರೆ. ಉರಿಯಲು ಕ್ರ್ಯಾಂಕಿನ 40 ಡಿಗ್ರಿ ಬೇಕು ಅಂದುಕೊಳ್ಳಿ. 6000 ಆರ್‌ಪಿಎಂನಲ್ಲಿ ಅಷ್ಟಕ್ಕೆ ಹಿಡಿಯುವುದು 1.1 ಮಿಲಿಸೆಕೆಂಡ್. 2000 ಆರ್‌ಪಿಎಂನಲ್ಲಿ 3.3 ಮಿಲಿಸೆಕೆಂಡ್. ಮೂಲೆಯ ಅನಿಲಕ್ಕೆ ಹೊತ್ತಿಕೊಳ್ಳಲು ಮೂರು ಪಟ್ಟು ಬಿಡುವು ಸಿಕ್ಕಿತು. ಟಾಪ್ ಗೇರಿನಲ್ಲಿ ಏರು ರಸ್ತೆಯಲ್ಲಿ ಕಡಿಮೆ ಆರ್‌ಪಿಎಂಗೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕಟಕಟ ಅನ್ನುವುದು ಇದಕ್ಕೇ. ಲೀಟರ್ ಕ್ಲಾಸಿನ ಸ್ಪೋರ್ಟ್ ಬೈಕುಗಳು ಬಂಕಿನ ಪೆಟ್ರೋಲಿನಲ್ಲೇ 13:1 ಇಟ್ಟುಕೊಂಡು ನೆಮ್ಮದಿಯಾಗಿ ಓಡುವುದಕ್ಕೂ ಇದು ಒಂದು ಕಾರಣ: ಸಿಲಿಂಡರ್ ಚಿಕ್ಕದು, ಇಂಜಿನ್ ಜೋರಾಗಿ ಸುತ್ತುತ್ತದೆ. "ಬೈಕಿನಲ್ಲಿ ನಡೆಯುತ್ತದೆ, ನನ್ನ ಕಾರಿನಲ್ಲಿ ಯಾಕೆ ನಡೆಯಲ್ಲ" ಅನ್ನುವವರಿಗೆ ಉತ್ತರ ಇಲ್ಲಿದೆ.

ಈಗ ಆಕ್ಟೇನ್. ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಆಕ್ಟೇನ್ ಶಕ್ತಿಯ ಅಳತೆ ಅಲ್ಲ. ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆ, ಅಷ್ಟೇ. ಐಸೊ-ಆಕ್ಟೇನಿಗೆ 100, ನಾರ್ಮಲ್ ಹೆಪ್ಟೇನಿಗೆ 0 ಅಂತ ಇಟ್ಟುಕೊಂಡಿದ್ದಾರೆ. ಕಂಪ್ರೆಶನ್ ಬದಲಾಯಿಸಬಹುದಾದ ಒಂದೇ ಸಿಲಿಂಡರಿನ ಸಿಎಫ್‌ಆರ್ ಇಂಜಿನ್ ಇದೆ. ಅದರಲ್ಲಿ ನಿಮ್ಮ ಪೆಟ್ರೋಲ್ ಹಾಕಿ ಓಡಿಸಿ, ಈ ಎರಡರ ಯಾವ ಮಿಶ್ರಣದಷ್ಟು ನಾಕ್ ಆಗುತ್ತದೆ ಅಂತ ಹೋಲಿಸುತ್ತಾರೆ. 1920ರ ದಶಕದ ಕೊನೆಯಲ್ಲಿ ಶುರುವಾದ ಪದ್ಧತಿ, ಇವತ್ತಿಗೂ ನಡೆಯುತ್ತಿದೆ.

ಅದೇ ಇಂಜಿನ್ನಿನಲ್ಲಿ ಎರಡು ಪರೀಕ್ಷೆ ಇವೆ. ಒಂದು ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್): 600 ಆರ್‌ಪಿಎಂ, ಒಳಬರುವ ಗಾಳಿ 52 ಡಿಗ್ರಿ. ಇನ್ನೊಂದು ಎಂಒಎನ್ (ಮೋಟರ್ ಆಕ್ಟೇನ್ ನಂಬರ್): 900 ಆರ್‌ಪಿಎಂ, ಒಳಬರುವ ಮಿಶ್ರಣ 149 ಡಿಗ್ರಿ. ಎರಡನೆಯದು ಹೆಚ್ಚು ಕಠಿಣ, ಹಾಗಾಗಿ ಅಂಕಿ ಕಡಿಮೆ ಬರುತ್ತದೆ. ಯುರೋಪಿನ ಬಂಕಿನಲ್ಲಿ ಬರೆದಿರುವುದು ಆರ್‌ಒಎನ್. ಅಮೆರಿಕದ ಬಂಕಿನಲ್ಲಿ ಬರೆದಿರುವುದು ಎರಡರ ಸರಾಸರಿ. ಅಲ್ಲಿನ 87 ಅಂದರೆ ಆರ್‌ಒಎನ್ ಲೆಕ್ಕದಲ್ಲಿ ಸುಮಾರು 91. ಅಲ್ಲಿನ 91 ಇಲ್ಲಿಯ 95ರ ಹತ್ತಿರ. ಅಲ್ಲಿನ 93 ಸುಮಾರು 98. ಯಾರೋ ಅಮೆರಿಕದವರು "93ರಲ್ಲಿ 11.5 ಆರಾಮಾಗಿ ಓಡುತ್ತದೆ" ಅಂತ ಹೇಳಿದ್ದನ್ನು ನೋಡಿ, ಆರ್‌ಒಎನ್ 93ರಲ್ಲಿ ಅದೇ ಇಂಜಿನ್ ಕಟ್ಟಿದರೆ ಐದು ಆಕ್ಟೇನ್ ಸಾಲ ಮಾಡಿಕೊಂಡ ಹಾಗಾಯಿತು. ಯಾವುದೇ ಅಂಕಿ ಕೇಳಿದರೂ ಮೊದಲು ಇದು ಯಾವ ಲೆಕ್ಕ ಅಂತ ಕೇಳಿ.

ಹಿಂದಿನ ಸಾಲಿನಲ್ಲಿ ಕೂತ ಒಬ್ಬರು ಪೆಟ್ರೋಲಿಗೆ ಬೆರೆಸುವ ಆಕ್ಟೇನ್ ಬೂಸ್ಟರ್ ಬಾಟಲಿ ಬಗ್ಗೆ ಕೇಳುತ್ತಿದ್ದಾರೆ. ಬಾಟಲಿ ಮೇಲೆ "10 ಪಾಯಿಂಟ್ ಏರುತ್ತದೆ" ಅಂತ ಬರೆದಿರುತ್ತದೆ. ಆ ಭಾಷೆಯಲ್ಲಿ ಒಂದು ಪಾಯಿಂಟ್ ಅಂದರೆ 0.1 ಆಕ್ಟೇನ್. 95 ಹೋಗಿ 96 ಆಯಿತು, 105 ಅಲ್ಲ. ಮುಂದೆ ಹೋಗೋಣ.

ಹೆಚ್ಚು ಆಕ್ಟೇನ್ ಪೆಟ್ರೋಲ್ ಸುಮ್ನೆ ಸುರಿದರೆ ಇಂಜಿನ್ ಜೋರಾಗುವುದಿಲ್ಲ. ಅದು ಕೊಡುವುದು ಅವಕಾಶ ಮಾತ್ರ. ಇಲ್ಲಿ ಸ್ವಲ್ಪ ದಾರಿ ತಪ್ಪಿ ವಿಮಾನದ ಕಡೆ ಹೋಗುತ್ತೇನೆ. 1940ರಲ್ಲಿ ಬ್ರಿಟಿಷ್ ಫೈಟರ್ ವಿಮಾನಗಳು 87 ಆಕ್ಟೇನ್ ಬಿಟ್ಟು 100 ಆಕ್ಟೇನ್ ಪೆಟ್ರೋಲಿಗೆ ಬದಲಾದವು. ಅವುಗಳ ರೋಲ್ಸ್-ರಾಯ್ಸ್ ಮರ್ಲಿನ್ ಇಂಜಿನ್ನಿನ ಕಂಪ್ರೆಶನ್ 6:1. ಅದನ್ನು ಮುಟ್ಟಲಿಲ್ಲ. ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಸೂಪರ್‌ಚಾರ್ಜರಿನ ಬೂಸ್ಟ್ ಮಿತಿಯನ್ನು, ಅಂದರೆ ಆ ಗಾಳಿಯ ಹೆಚ್ಚುವರಿ ಒತ್ತಡದ ಮಿತಿಯನ್ನು, ಆರೂಕಾಲು ಪಿಎಸ್‌ಐನಿಂದ 12ಕ್ಕೆ ಏರಿಸಿದರು. ಪೆಟ್ರೋಲ್ ಕೊಟ್ಟ ಅವಕಾಶವನ್ನು ಬೂಸ್ಟಿನಲ್ಲಿ ಬಳಸಿಕೊಂಡರು, ಕಂಪ್ರೆಶನ್ನಿನಲ್ಲಿ ಅಲ್ಲ. ಟರ್ಬೊ ಕಟ್ಟುವವರು ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಕಾರು ಕಂಪನಿಗಳು ಈ ಹೊಂದಾಣಿಕೆ ಹೇಗೆ ಮಾಡುತ್ತವೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಮಾಜ್ದಾದ ಸ್ಕೈಆಕ್ಟಿವ್-ಜಿ. 2012ರಲ್ಲಿ ಸಿಎಕ್ಸ್-5 ಕಾರಿನಲ್ಲಿ ಬಂದ 2 ಲೀಟರ್ ಇಂಜಿನ್. ಯುರೋಪಿನಲ್ಲಿ ಆರ್‌ಒಎನ್ 95 ಸಿಗುತ್ತದೆ ಅಂತ ಅಲ್ಲಿಗೆ 14:1 ಕೊಟ್ಟರು. ಅಮೆರಿಕದವರು 87 ಹಾಕುತ್ತಾರೆ, ಅಂದರೆ ಆರ್‌ಒಎನ್ 91, ಹಾಗಾಗಿ ಅಲ್ಲಿಗೆ 13:1. ನಾಲ್ಕು ಆಕ್ಟೇನಿಗೆ ಒಂದು ಪಾಯಿಂಟ್ ಕಂಪ್ರೆಶನ್. ಇಂಜಿನ್ ಕಟ್ಟುವವರು ಬಹಳ ಕಾಲದಿಂದ ಹೇಳುವ ಬಾಯಿಲೆಕ್ಕವೂ ಇದೇ ಆಸುಪಾಸಿನಲ್ಲಿದೆ: ಒಂದು ಪಾಯಿಂಟಿಗೆ ನಾಲ್ಕೈದು ಆರ್‌ಒಎನ್.

ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಸಾಧಾರಣ ಪೆಟ್ರೋಲಿನಲ್ಲಿ 13, 14 ಹೇಗೆ ಸಾಧ್ಯವಾಯಿತು? ಉತ್ತರ ಬಿಸಿಯಲ್ಲಿದೆ. ಇವತ್ತು ಒಂದೇ ಒಂದು ಲೆಕ್ಕ ನೆನಪಿಟ್ಟುಕೊಂಡು ಮನೆಗೆ ಹೋಗುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. 40 ಡಿಗ್ರಿ ಬಿಸಿ ಇರುವ ಗಾಳಿಯನ್ನು 10:1ಕ್ಕೆ ಅದುಮಿದರೆ ಕಿಡಿ ಹಾರುವ ಮುಂಚೆಯೇ ಅದು ಸುಮಾರು 380 ಡಿಗ್ರಿ ಮುಟ್ಟುತ್ತದೆ. ಅದೇ ಗಾಳಿಯನ್ನು 12:1ಕ್ಕೆ ಅದುಮಿದರೆ ಸುಮಾರು 420. ಈಗ ಕಂಪ್ರೆಶನ್ 10ರಲ್ಲೇ ಇರಲಿ, ಒಳಬರುವ ಗಾಳಿ 60 ಡಿಗ್ರಿ ಆಗಲಿ. ಎಷ್ಟು ಬರುತ್ತದೆ? 420ಕ್ಕಿಂತ ತುಸು ಜಾಸ್ತಿ. ಒಳಬರುವ ಗಾಳಿ 20 ಡಿಗ್ರಿ ಬಿಸಿಯಾದರೆ, ಬಿಸಿಯ ಮಟ್ಟಿಗೆ ಎರಡು ಪಾಯಿಂಟ್ ಕಂಪ್ರೆಶನ್ ಏರಿಸಿದ ಹಾಗೆ! ಒತ್ತಡ ಅಷ್ಟು ಏರುವುದಿಲ್ಲ, ಹಾಗಾಗಿ ಎರಡೂ ಪೂರ್ತಿ ಒಂದೇ ಅಲ್ಲ. ಆದರೂ ನಾಕ್ ವಿಷಯದಲ್ಲಿ ಬಿಸಿಯದೇ ದೊಡ್ಡ ಪಾಲು.

ಇಷ್ಟು ಗೊತ್ತಾದ ಮೇಲೆ ಏರ್ ಫಿಲ್ಟರನ್ನು ರೇಡಿಯೇಟರ್ ಹಿಂದೆ, ಬಿಸಿ ಗಾಳಿ ಬೀಸುವ ಜಾಗದಲ್ಲಿ ಬೆತ್ತಲೆಯಾಗಿ ಕೂರಿಸಿದವರನ್ನು ನೋಡಿದರೆ ಏನನ್ನಬೇಕು? ಪಿಸ್ಟನ್ನಿಗೆ ಅಷ್ಟು ದುಡ್ಡು ಸುರಿದು, ಹೊರಗಿನ ತಣ್ಣನೆಯ ಗಾಳಿ ತರುವ ಒಂದು ಪೈಪಿಗೆ ಜಿಪುಣತನ. ತಣ್ಣನೆಯ ಗಾಳಿ ಪುಕ್ಕಟೆ ಆಕ್ಟೇನ್ ಕಣ್ರೀ.

ಬಿಸಿ ಇನ್ನೊಂದು ಕಡೆಯಿಂದಲೂ ಬರುತ್ತದೆ. ಹಿಂದಿನ ಸಲ ಉರಿದ ಅನಿಲ ಪೂರ್ತಿ ಹೊರಗೆ ಹೋಗುವುದಿಲ್ಲ, ಸ್ವಲ್ಪ ಒಳಗೇ ಉಳಿಯುತ್ತದೆ. 750 ಡಿಗ್ರಿಯ ಹಳೆ ಅನಿಲ ಶೇ. 10ರಷ್ಟು ಉಳಿದು, ಅದಕ್ಕೆ 25 ಡಿಗ್ರಿಯ ಹೊಸ ಮಿಶ್ರಣ ಸೇರಿದರೆ ಅದುಮಲು ಶುರು ಮಾಡುವ ಮುಂಚೆಯೇ ಒಳಗೆ ಹತ್ತಿರ ಹತ್ತಿರ 100 ಡಿಗ್ರಿ. ಸಿಎಕ್ಸ್-5ರಲ್ಲಿ ಮಾಜ್ದಾ ಉದ್ದನೆಯ 4-2-1 ಎಕ್ಸಾಸ್ಟ್ ಹಾಕಿದ್ದು ಈ ಹಳೆ ಅನಿಲವನ್ನು ಹೊರಗೆ ಎಳೆಯುವುದಕ್ಕೆ. ಎಕ್ಸಾಸ್ಟ್ ಅಂದರೆ ಸೌಂಡಿಗೆ ಅಂತ ತಿಳಿದವರು ಇದನ್ನು ಗಮನಿಸಿ. ಒಳ್ಳೆಯ ಹೆಡರ್, ಅಂದರೆ ಇಂಜಿನ್ನಿನಿಂದ ಹೊರಡುವ ಎಕ್ಸಾಸ್ಟ್ ಪೈಪುಗಳ ಗುಂಪು, ನಿಮಗೆ ಕಂಪ್ರೆಶನ್ ಏರಿಸುವ ಜಾಗ ಮಾಡಿಕೊಡುತ್ತದೆ.

ಈಗ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಗೆ ಬರೋಣ. ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕಂಪ್ರೆಶನ್ ರೇಶಿಯೊ ಅಂತ ನಾವು ಹೇಳುವ ಅಂಕಿ, ಪಿಸ್ಟನ್ ಕೆಳಗಿನ ತುದಿಯಿಂದ, ಅಂದರೆ ಬಿಡಿಸಿಯಿಂದ (ಬಾಟಮ್ ಡೆಡ್ ಸೆಂಟರ್, BDC) ಅದುಮಲು ಶುರು ಮಾಡುತ್ತದೆ ಅಂತ ನಂಬಿಕೊಂಡಿದೆ. ನಿಜದಲ್ಲಿ ಆಗ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಇನ್ನೂ ತೆರೆದಿರುತ್ತದೆ. ಅದು ಮುಚ್ಚುವವರೆಗೂ ಅದುಮುವ ಮಾತೇ ಇಲ್ಲ.

ಒಂದು ಇಂಜಿನ್ ಹಿಡಿದುಕೊಳ್ಳೋಣ. ಬೋರ್ 86 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 86 ಮಿಮೀ, ಕನೆಕ್ಟಿಂಗ್ ರಾಡ್ 140 ಮಿಮೀ. ಒಂದು ಸಿಲಿಂಡರ್ 499.6 ಸಿಸಿ. ಕಂಪ್ರೆಶನ್ 10:1, ಅಂದರೆ ಮೇಲೆ ಉಳಿಯುವ ಜಾಗ 55.5 ಸಿಸಿ. ರಸ್ತೆ ಕ್ಯಾಮ್, ಇನ್‌ಟೇಕ್ ವಾಲ್ವ್ ಬಿಡಿಸಿ ದಾಟಿ 60 ಡಿಗ್ರಿಗೆ ಮುಚ್ಚುತ್ತದೆ. ಆ ಹೊತ್ತಿಗೆ ಪಿಸ್ಟನ್ ಮೇಲೇರಲು ಉಳಿದಿರುವುದು 69.5 ಮಿಮೀ ಮಾತ್ರ. ನಿಜವಾಗಿ ಅದುಮುವುದು 404 ಸಿಸಿ. ಲೆಕ್ಕ ಹಾಕಿದರೆ ಡೈನಮಿಕ್ ಕಂಪ್ರೆಶನ್, ಅಂದರೆ ವಾಲ್ವ್ ಮುಚ್ಚಿದ ಮೇಲಿನ ಕಂಪ್ರೆಶನ್, 8.3.

ಈಗ ಅದೇ ಇಂಜಿನ್ನಿಗೆ ದೊಡ್ಡ ಕ್ಯಾಮ್ ಹಾಕಿ. ವಾಲ್ವ್ 75 ಡಿಗ್ರಿಗೆ ಮುಚ್ಚುತ್ತದೆ. ಉಳಿದ ದಾರಿ 60.4 ಮಿಮೀ. ಡೈನಮಿಕ್ ಕಂಪ್ರೆಶನ್ 7.3ಕ್ಕೆ ಇಳಿಯಿತು. "ರೇಸ್ ಕ್ಯಾಮ್ ಹಾಕಿಸಿದ ಮೇಲೆ ಗಾಡಿ ಕೆಳಗಡೆ ಸತ್ತುಹೋಗಿದೆ" ಅಂತ ಜನ ಗೊಣಗುವುದು ಇದಕ್ಕೇ. ಪಿಸ್ಟನ್ ಹಳೆಯದೇ, ಕ್ಯಾಮ್ ಹೊಸದು. ಈಗ ಕಂಪ್ರೆಶನ್ ರೇಶಿಯೊವನ್ನು 11.5ಕ್ಕೆ ಏರಿಸಿ. ಡೈನಮಿಕ್ ಮತ್ತೆ 8.4ಕ್ಕೆ ಬಂತು. ಅಂದರೆ ಈ ಕ್ಯಾಮ್ ಜೊತೆ 11.5, ಕಡಿಮೆ ಆರ್‌ಪಿಎಂನಲ್ಲಿ ಪೆಟ್ರೋಲಿನ ಮೇಲೆ ಹಾಕುವ ಹೊರೆ, ರಸ್ತೆ ಕ್ಯಾಮ್ ಜೊತೆಗಿನ 10ಕ್ಕೆ ಹೆಚ್ಚುಕಮ್ಮಿ ಸಮ. ಹಾಗಾಗಿ ಯಾರಾದರೂ "ನನ್ನದು 11.5, ನಾಕ್ ಇಲ್ಲ" ಅಂದರೆ ಕ್ಯಾಮ್ ಯಾವುದು ಅಂತ ಕೇಳದೆ ಆ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮದು ರಸ್ತೆ ಕ್ಯಾಮ್ ಆದರೆ ಅದೇ 11.5 ನಿಮ್ಮ ರಿಂಗ್ ಲ್ಯಾಂಡ್ (ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು) ಮುರಿಯಬಹುದು.

ಆದರೆ ಈ ಡೈನಮಿಕ್ ಅಂಕಿಯನ್ನೂ ದೇವರು ಮಾಡಿಕೊಳ್ಳಬೇಡಿ. ಅದು ಬರೀ ಜ್ಯಾಮಿತಿ. ಟಾರ್ಕ್ ಶಿಖರದ ಹತ್ತಿರ ಗಾಳಿ ತನ್ನ ವೇಗದಲ್ಲೇ ನುಗ್ಗಿ ಬಂದು ಸಿಲಿಂಡರ್ ತುಂಬುತ್ತದೆ. ಆಗ ವಾಲ್ವ್ ತಡವಾಗಿ ಮುಚ್ಚಿದ್ದರಿಂದ ಆದ ನಷ್ಟ ತುಂಬಿಹೋಗುತ್ತದೆ, ಪೆಟ್ರೋಲಿಗೆ ಪೂರ್ತಿ 11.5ರ ಬಿಸಿ ತಟ್ಟುತ್ತದೆ. ಸಮಯ ಕಡಿಮೆ ಇರುವುದು ಅಲ್ಲಿ ನಿಮ್ಮನ್ನು ಸ್ವಲ್ಪ ಕಾಪಾಡುತ್ತದೆ, ಪೂರ್ತಿ ಅಲ್ಲ.

ಇನ್ನು ಅಳತೆ. ಪಿಸ್ಟನ್ ಡಬ್ಬಿ ಮೇಲೆ "11:1" ಅಂತ ಬರೆದಿದ್ದರೆ ಅದು ತಯಾರಿಸಿದವರು ಮನಸ್ಸಿನಲ್ಲಿ ಇಟ್ಟುಕೊಂಡ ಒಂದು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ), ಒಂದು ಬ್ಲಾಕ್ (ಸಿಲಿಂಡರ್ ಇರುವ ಭಾಗ), ಅವೆರಡರ ನಡುವಿನ ಒಂದು ಗ್ಯಾಸ್ಕೆಟ್ ಹಾಳೆ, ಇವುಗಳ ಲೆಕ್ಕದಲ್ಲಿ. ನಿಮ್ಮ ಹೆಡ್ಡಿನ ಚೇಂಬರ್ 3 ಸಿಸಿ ದೊಡ್ಡದಿದ್ದರೆ ಅದು 10.4. ಹಿಂದೊಮ್ಮೆ ಹೆಡ್ ಬಾಗಿದೆ ಅಂತ ಯಾರೋ ಫೇಸಿಂಗ್ ಮಾಡಿಸಿದ್ದರೆ, ಅಂದರೆ ತಳ ಕೊರೆಸಿ ಸಮ ಮಾಡಿಸಿದ್ದರೆ, ಚೇಂಬರ್ ಚಿಕ್ಕದಾಗಿ 11 ದಾಟಿರುತ್ತದೆ. ಡಬ್ಬಿ ಓದಬೇಡಿ, ಅಳೆಯಿರಿ.

ಹೆಡ್ಡನ್ನು ಬೋರಲು ಹಾಕಿ. ವಾಲ್ವ್ ಕೂರುವ ಜಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ ವಾಲ್ವ್ ಕೂರಿಸಿ. ಪ್ಲಗ್ ಹಾಕಿ. ಯಾವುದೋ ಹಳೆ ಪ್ಲಗ್ ಅಲ್ಲ, ಓಡಿಸುವಾಗ ಹಾಕುವ ಪ್ಲಗ್ಗೇ. ಚೇಂಬರಿನ ಅಂಚಿಗೆ ಗ್ರೀಸ್ ಹಚ್ಚಿ, ಮೇಲೆ ದಪ್ಪ ಅಕ್ರಿಲಿಕ್ ಹಾಳೆ ಒತ್ತಿ. ಹಾಳೆಯ ಒಂದು ಅಂಚಿನಲ್ಲಿ ತೂತು ಇರಬೇಕು. ಹೆಡ್ಡನ್ನು ಒಂಚೂರು ಓರೆ ಮಾಡಿ, ತೂತು ಎತ್ತರದ ಕಡೆ ಬರಲಿ. ಬ್ಯುರೆಟ್ಟಿನಿಂದ (ಅಳತೆ ಗೆರೆಗಳಿರುವ ಗಾಜಿನ ನಳಿಕೆ) ಬಣ್ಣ ಹಾಕಿದ ಸ್ಪಿರಿಟ್ ಬಿಡುತ್ತಾ ಬನ್ನಿ. ಕೊನೆಗೆ ಒಂದು ಗುಳ್ಳೆ ಹಾಳೆಯ ಕೆಳಗೆ ಓಡಾಡುತ್ತದೆ. ಅದು ತೂತಿನಿಂದ ಹೊರಗೆ ಹೋಗುವವರೆಗೂ ಬಿಡಿ, ಆಮೇಲೆ ಬ್ಯುರೆಟ್ ಓದಿ. ಎಲ್ಲ ಚೇಂಬರನ್ನೂ ಅಳೆಯಿರಿ, ಒಂದನ್ನು ಅಳೆದು ಉಳಿದದ್ದೂ ಅಷ್ಟೇ ಅನ್ನಬೇಡಿ.

ಪಿಸ್ಟನ್ ತಲೆಯ ಗುಂಡಿ ಅಥವಾ ಉಬ್ಬು ಅಳೆಯಲು ಇನ್ನೂ ಸುಲಭದ ದಾರಿ ಇದೆ. ಡಯಲ್ ಗೇಜ್ ಇಟ್ಟು ಪಿಸ್ಟನ್ನನ್ನು ಬ್ಲಾಕಿನ ಮೇಲ್ಮಟ್ಟದಿಂದ ಸರಿಯಾಗಿ 10 ಮಿಮೀ ಕೆಳಗಿಳಿಸಿ, ಸುತ್ತಲೂ ಗ್ರೀಸಿನಿಂದ ಮುಚ್ಚಿ. ಪಿಸ್ಟನ್ ಚಪ್ಪಟೆ ಇದ್ದಿದ್ದರೆ 86 ಮಿಮೀ ಬೋರಿನಲ್ಲಿ 58.1 ಸಿಸಿ ಹಿಡಿಯಬೇಕಿತ್ತು. 64.1 ಹಿಡಿದರೆ ಗುಂಡಿ 6 ಸಿಸಿ. 52.1 ಹಿಡಿದರೆ ಉಬ್ಬು 6 ಸಿಸಿ.

ನಮ್ಮ ಇಂಜಿನ್ನನ್ನೇ ಕೂಡಿಸಿ ನೋಡಿ. ಚೇಂಬರ್ 42 ಸಿಸಿ. ಗ್ಯಾಸ್ಕೆಟ್ 87 ಮಿಮೀ ಅಗಲ, ಬಿಗಿದ ಮೇಲೆ 1 ಮಿಮೀ ದಪ್ಪ, 5.9 ಸಿಸಿ. ಪಿಸ್ಟನ್ ಬ್ಲಾಕ್ ಮಟ್ಟಕ್ಕಿಂತ 0.2 ಮಿಮೀ ಕೆಳಗೆ ನಿಲ್ಲುತ್ತದೆ, 1.2 ಸಿಸಿ. ಗುಂಡಿ 6 ಸಿಸಿ. ಮೇಲಿನ ರಿಂಗಿನ ಮೇಲೆ ಪಿಸ್ಟನ್ ಸುತ್ತ ಇರುವ ಸಂದಿಗೆ ಅರ್ಧ ಸಿಸಿ. ಒಟ್ಟು 55.6, ಅಂದರೆ 10:1. ಗ್ಯಾಸ್ಕೆಟ್ ಅರ್ಧ ಮಿಮೀ ತೆಳ್ಳಗಾದರೆ 3 ಸಿಸಿ ಹೋಯಿತು, 10.5 ಆಯಿತು. ಅರ್ಧ ಮಿಮೀಗೆ ಅರ್ಧ ಪಾಯಿಂಟ್. ಬಿಗಿಯುವ ಮುಂಚಿನ ದಪ್ಪವನ್ನು ಲೆಕ್ಕಕ್ಕೆ ಹಿಡಿದವರು ಎಲ್ಲಿ ಎಡವುತ್ತಾರೆ ಅಂತ ಗೊತ್ತಾಯಿತಲ್ಲ.

ಗ್ಯಾಸ್ಕೆಟ್ ಅಂದಾಗ ಸ್ಕ್ವಿಶ್ ಬಗ್ಗೆ ಹೇಳಲೇಬೇಕು. ಪಿಸ್ಟನ್ ಅಂಚಿನ ಚಪ್ಪಟೆ ಭಾಗಕ್ಕೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವೆ ಇರುವ ಸಂದಿ ಅದು. ಪಿಸ್ಟನ್ ಮೇಲೆ ಬರುವಾಗ ಆ ಸಂದಿಯ ಅನಿಲ ನಡುವಿಗೆ ಚಿಮ್ಮುತ್ತದೆ, ಮಿಶ್ರಣ ಕದಡುತ್ತದೆ, ಜ್ವಾಲೆ ಬೇಗ ಹರಡುತ್ತದೆ. ಉಳಿದ ತೆಳು ಪದರ ಎರಡೂ ಕಡೆ ಲೋಹಕ್ಕೆ ತಾಗಿ ತಣ್ಣಗಿರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಸ್ಟೀಲ್ ರಾಡ್ ಇರುವ ಕಾರು ಇಂಜಿನ್ನಿಗೆ 1 ಮಿಮೀ ಆಸುಪಾಸು ಒಳ್ಳೆಯದು. ತೀರಾ ಕಡಿಮೆ ಇಟ್ಟರೆ ಮೇಲಿನ ಆರ್‌ಪಿಎಂನಲ್ಲಿ ಪಿಸ್ಟನ್ ಹೆಡ್ಡಿಗೆ ಮುತ್ತಿಡುತ್ತದೆ. 2 ಮಿಮೀ ಹತ್ತಿರ ಬಿಟ್ಟರೆ ಅದಕ್ಕಿಂತ ಕೆಟ್ಟದ್ದಿಲ್ಲ: ಅನಿಲ ಚಿಮ್ಮುವುದೂ ಇಲ್ಲ, ತಣ್ಣಗಾಗುವುದೂ ಇಲ್ಲ, ಮೂಲೆಯಲ್ಲಿ ಕೂತು ಹೊತ್ತಿಕೊಳ್ಳಲು ಕಾಯುತ್ತದೆ. ಮೆತ್ತನೆಯ ಸೋಲ್ಡರ್ ತಂತಿಯ ತುಂಡುಗಳನ್ನು ಪಿಸ್ಟನ್ ಅಂಚಿನಲ್ಲಿ ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯನ್ನು ಮೈಕ್ರೊಮೀಟರಿನಲ್ಲಿ ಅಳೆದರೆ ನಿಮ್ಮ ಸ್ಕ್ವಿಶ್ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೂ "ಒಂದು ಅಂಕಿ ಹೇಳಿ ಸಾರ್" ಅನ್ನುತ್ತೀರಿ, ಗೊತ್ತು. ಟರ್ಬೊ ಇಲ್ಲದ, ಪೋರ್ಟಿನಲ್ಲಿ ಇಂಜೆಕ್ಟರ್ ಇರುವ ಇಂಜಿನ್ನಿಗೆ ನನ್ನ ಅಂದಾಜು ಹೇಳುತ್ತೇನೆ. ಗಾಳಿಯಿಂದ ತಣ್ಣಗಾಗುವ ಎರಡು ವಾಲ್ವ್ ಇಂಜಿನ್, ಆರ್‌ಒಎನ್ 91: ನಾನು 9.5 ದಾಟುವುದಿಲ್ಲ. ಪ್ಲಗ್ ನಡುವಿರುವ ನಾಲ್ಕು ವಾಲ್ವ್ ಹೆಡ್, ನೀರಿನಿಂದ ತಣ್ಣಗಾಗುವುದು, ಆರ್‌ಒಎನ್ 95: ಹತ್ತೂವರೆಯಿಂದ 11. ಅದೇ ಇಂಜಿನ್, ದೊಡ್ಡ ಕ್ಯಾಮ್, ಆರ್‌ಒಎನ್ 98: 11.5ರಿಂದ 12. ಡೈರೆಕ್ಟ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಸಿಲಿಂಡರಿನ ಒಳಗೇ ಆವಿಯಾಗಿ ತಣ್ಣಗೆ ಮಾಡುತ್ತದೆ, ಒಂದು ಪಾಯಿಂಟ್ ಜಾಸ್ತಿ ಸಿಗಬಹುದು.

ಎಥನಾಲ್ ಕಥೆಯೇ ಬೇರೆ. ಅದರ ಆರ್‌ಒಎನ್ 109ರ ಹತ್ತಿರ. ಅದಕ್ಕಿಂತ ದೊಡ್ಡ ಗುಣ, ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಹೀರಿಕೊಳ್ಳುತ್ತದೆ. ಇ85ರಲ್ಲಿ, ಅಂದರೆ ಹೆಚ್ಚಿನ ಪಾಲು ಎಥನಾಲ್ ಇರುವ ಪೆಟ್ರೋಲಿನಲ್ಲಿ, 13 ಇಡುವುದು ದೊಡ್ಡ ಸಾಹಸವೇನಲ್ಲ. ಆದರೆ ಎಂಒಎನ್ 90ರ ಆಸುಪಾಸು ಮಾತ್ರ, ಅಂದರೆ ತುಂಬಾ ಬಿಸಿಯಲ್ಲಿ ಅದರ ತಾಕತ್ತು ಇಳಿಯುತ್ತದೆ. ಕೆಂಪಗೆ ಕಾದ ಪ್ಲಗ್ ತುದಿಯಿಂದ ಕಿಡಿಗೂ ಮುಂಚೆಯೇ ಹೊತ್ತಿಕೊಳ್ಳುವ ಭಯ ಇದೆ, ಹಾಗಾಗಿ ತಣ್ಣನೆಯ ಪ್ಲಗ್ ಹಾಕಿ. ಇಂಧನವೂ ಮೂರನೇ ಒಂದು ಭಾಗದಷ್ಟು ಜಾಸ್ತಿ ಬೇಕು, ಇಂಜೆಕ್ಟರ್ ಮತ್ತು ಪಂಪ್ ಅದಕ್ಕೆ ತಕ್ಕಂತೆ ಇರಲಿ. ಇನ್ನೊಂದು ಮಾತು: ಅಮೆರಿಕದಲ್ಲಿ ಇ85 ಹೆಸರಿನಲ್ಲಿ ಮಾರುವುದರಲ್ಲಿ ಎಥನಾಲ್ ಶೇ. 51ರಿಂದ 83ರವರೆಗೆ ಏನು ಬೇಕಾದರೂ ಇರಬಹುದು. ಹೆಸರು 85, ಒಳಗೆ 51. ಅತಿ ಕಳಪೆ ಪೆಟ್ರೋಲಿನ ಲೆಕ್ಕ ಹಿಡಿಯಿರಿ ಅಂತ ಶುರುವಿನಲ್ಲೇ ಹೇಳಿದ್ದು ಇಂಥದ್ದಕ್ಕೇ. ಎಥನಾಲ್ ಪ್ರಮಾಣ ಅಳೆಯುವ ಸೆನ್ಸರ್ ಇಲ್ಲದೆ ಈ ಆಟಕ್ಕೆ ಇಳಿಯಬೇಡಿ.

ಟರ್ಬೊ ಬಗ್ಗೆ ಬೇಗ ಮುಗಿಸುತ್ತೇನೆ. ಕಂಪ್ರೆಶನ್ನನ್ನು ಬೂಸ್ಟಿನಿಂದ ಗುಣಿಸಿ "ಎಫೆಕ್ಟಿವ್ ಕಂಪ್ರೆಶನ್" ತೆಗೆಯುವ ಒಂದು ಸೂತ್ರ ಓಡಾಡುತ್ತಿದೆ. 9:1 ಇಂಜಿನ್ನಿಗೆ 1 ಬಾರ್ ಬೂಸ್ಟ್ ಕೊಟ್ಟರೆ 18:1 ಆಯಿತಂತೆ. ಅದನ್ನು ಮರೆತುಬಿಡಿ. ಬೂಸ್ಟ್ ಒತ್ತಡ ಏರಿಸುತ್ತದೆ ನಿಜ, ಆದರೆ ಬಿಸಿ ಎಷ್ಟು ಏರುತ್ತದೆ ಅನ್ನುವುದು ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಮೇಲೆ ನಿಂತಿದೆ. ಮರ್ಲಿನ್ ನೆನಪಿದೆಯಲ್ಲ? ಪೆಟ್ರೋಲ್ ಕೊಡುವ ಅವಕಾಶ ಒಂದೇ, ಅದನ್ನು ಕಂಪ್ರೆಶನ್ನಿಗೆ ಎಷ್ಟು, ಬೂಸ್ಟಿಗೆ ಎಷ್ಟು ಅಂತ ಹಂಚಿಕೊಳ್ಳುವುದು ನಿಮಗೆ ಬಿಟ್ಟದ್ದು. ಜಾಸ್ತಿ ಬೂಸ್ಟ್ ಬೇಕೆಂದರೆ 8.5ರಿಂದ 9. ಸಣ್ಣ ಬೂಸ್ಟ್, ರಸ್ತೆಯಲ್ಲಿ ಚುರುಕು ಬೇಕೆಂದರೆ ಇನ್ನೂ ಮೇಲೆ.

ಇಂಜಿನ್ ಕಟ್ಟಿ ಆಯಿತು. ಸರಿಯಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಡೈನೊ (ಇಂಜಿನ್ನಿನ ಟಾರ್ಕ್ ಅಳೆಯುವ ಯಂತ್ರ) ಮೇಲೆ ಟೈಮಿಂಗ್ ಕಡಿಮೆ ಇಟ್ಟು ಶುರು ಮಾಡಿ, ಒಂದೊಂದು ಡಿಗ್ರಿ ಮುಂದಕ್ಕೆ ತನ್ನಿ. ಟಾರ್ಕ್ ಏರುತ್ತಾ ಏರುತ್ತಾ ಒಂದು ಕಡೆ ನಿಲ್ಲುತ್ತದೆ. ನಾಕ್ ಬರುವ ಮುಂಚೆ ಟಾರ್ಕ್ ನಿಂತರೆ ಕಂಪ್ರೆಶನ್ ಮತ್ತು ಪೆಟ್ರೋಲ್ ಹೊಂದಿಕೊಂಡಿವೆ. ಟಾರ್ಕ್ ಇನ್ನೂ ಏರುತ್ತಿರುವಾಗಲೇ ನಾಕ್ ಬಂದರೆ ಪೆಟ್ರೋಲ್ ನಿಮ್ಮ ಕೈ ಕಟ್ಟಿಹಾಕಿದೆ. ಟಾರ್ಕ್ ಶಿಖರಕ್ಕೆ ಎರಡು ಮೂರು ಡಿಗ್ರಿ ಇರುವಾಗ ಬಂದರೆ ಬದುಕಬಹುದು, ಅಲ್ಲಿ ಟಾರ್ಕ್ ಗೆರೆ ಹೇಗೂ ಚಪ್ಪಟೆ ಇರುತ್ತದೆ. ಎಂಟು ಹತ್ತು ಡಿಗ್ರಿ ಇರುವಾಗಲೇ ಬಂದರೆ ಕಂಪ್ರೆಶನ್ ಜಾಸ್ತಿಯಾಗಿದೆ ಅಂತಲೇ ಅರ್ಥ.

ಕಿವಿಯನ್ನು ಮಾತ್ರ ನಂಬಬೇಡಿ. ಹೆಲ್ಮೆಟ್ ಒಳಗೆ, ಎಕ್ಸಾಸ್ಟ್ ಸದ್ದಿನಲ್ಲಿ ಮೇಲಿನ ಆರ್‌ಪಿಎಂನ ನಾಕ್ ಕೇಳುವುದೇ ಇಲ್ಲ. ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿದ ಹಾಗೆ ಸಣ್ಣ ಕಪ್ಪು ಚುಕ್ಕೆ ಕಂಡರೆ ನಾಕ್ ಶುರುವಾಗಿದೆ. ಫಳಫಳ ಹೊಳೆಯುವ ಬೆಳ್ಳಿ ಚುಕ್ಕೆ ಕಂಡರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಅವತ್ತೇ ಓಡಿಸುವುದು ನಿಲ್ಲಿಸಿ.

ಹೀಗಾದಾಗ ಹೆಚ್ಚಿನವರು ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಇಳಿಸಲು ಹೋಗುತ್ತಾರೆ. ಸುಲಭದ ಕೆಲಸ, ಆದರೆ 1 ಮಿಮೀ ಇದ್ದ ಸ್ಕ್ವಿಶ್ ಒಂದೂವರೆ ಆಗುತ್ತದೆ. ಕಂಪ್ರೆಶನ್ ಇಳಿದರೂ ನಾಕ್ ಅಲ್ಲೇ ಇರಬಹುದು. ಅದರ ಬದಲು ಸ್ಕ್ವಿಶ್ ಭಾಗ ಮುಟ್ಟದೆ ಪಿಸ್ಟನ್ ಗುಂಡಿಯಲ್ಲಿ, ಇಲ್ಲವೇ ಚೇಂಬರಿನಲ್ಲಿ ಲೋಹ ತೆಗೆಸಿ. ನಮ್ಮ ಇಂಜಿನ್ನಿನಲ್ಲಿ 11.5ರಿಂದ 11ಕ್ಕೆ ಇಳಿಸಲು ಒಂದು ಸಿಲಿಂಡರಿಗೆ 2.4 ಸಿಸಿ ತೆಗೆದರೆ ಸಾಕು. ತೆಗೆಸುವ ಮುಂಚೆ ಪಿಸ್ಟನ್ ತಲೆ ಎಷ್ಟು ದಪ್ಪ ಇದೆ ಅಂತ ಅಳೆದುಕೊಳ್ಳಿ. ತೆಗೆಸಿದ ಮೇಲೆ ಚೂಪಾಗಿ ಉಳಿದ ಅಂಚುಗಳನ್ನು ಉಜ್ಜಿ ಗುಂಡಗೆ ಮಾಡಿ, ಇಲ್ಲದಿದ್ದರೆ ಕಾದು ಕೆಂಪಾಗುವುದು ಅವೇ. ನಾಲ್ಕೂ ಪಿಸ್ಟನ್ನನ್ನು ತೂಗಿ ಸಮ ಮಾಡಿಸಿ, ಮತ್ತೆ ಬ್ಯುರೆಟ್ ಹಿಡಿದು ಎಲ್ಲ ಸಿಲಿಂಡರ್ ಅಳೆಯಿರಿ.